ಅತ್ತಿಗೆ ಕಟ್ಟಿದ ಹವಳ

ನಮ್ಮ ಅತ್ತಿಗೆಯ ಕೈ ಸುಮ್ಮನಿರುವ ಕೈಯಲ್ಲ. ಬಸ್ಸಿಗೆ ಕಾಯುವಾಗ ಚೀಲದ ಬಾರಿಗೆ ಗಂಟು ಹಾಕುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಹಾಕುತ್ತಾಳೆ. ಟಿವಿ ಮುಂದೆ ಕೂತರೆ ದಿಂಬಿನ ಅಂಚಿನ ದಾರ ಹೋಯಿತು ಅಂತಲೇ ಲೆಕ್ಕ. "ಆ ಎರಡು ಕೈಯನ್ನೂ ಮಡಿಸಿ ಬೀರುವಿನೊಳಗೆ ಇಟ್ಟು ಬಾರೇ ಮಾರಾಯ್ತಿ" ಅಂತ ನಮ್ಮಣ್ಣ ರೇಗುತ್ತಾನೆ. ರೇಗಿದ್ದೇ ಬಂತು. ಆ ಕೈ ನಮ್ಮನ್ನೆಲ್ಲ ಎಂಥಾ ಪೇಚಿಗೆ ಸಿಕ್ಕಿಸಿತು, ಆಮೇಲೆ ಎಲ್ಲಿಗೆ ತಂದು ನಿಲ್ಲಿಸಿತು ಅನ್ನೋದನ್ನ ಯಾರಿಗಾದರೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರ ಇಳಿಯಲ್ಲ.

ಮದುವೆಗೆ ಮುಂಚೆ ಅತ್ತಿಗೆ ಹರಿದ ಬಲೆ ಸರಿಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೀನಿನ ದೋಣಿಯವರ ಬಲೆ ಆಗಾಗ ಸಮುದ್ರದೊಳಗಿನ ಹವಳದ ದಿಬ್ಬಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಗಂಡಸರು ಇಳಿದು ಚಾಕುವಿನಲ್ಲಿ ಕತ್ತರಿಸಿ ಎಳೆಯುತ್ತಿದ್ದರು. ಬಲೆಯೂ ಹಾಳು, ಹವಳವೂ ಪುಡಿ. ಅದನ್ನು ನೋಡಿ ಇವಳ ಮೈ ಉರಿದುಹೋಯಿತಂತೆ. "ಕತ್ತರಿಸೋಕೆ ಯಾರಿಗೆ ಬರಲ್ಲ? ಬಿಡಿಸೋಕೆ ಬರಬೇಕು" ಅಂತ ಹಠ ಹಿಡಿದು ಡೈವಿಂಗ್ ಕಲಿತಳು. ಬಿಡಿಸುವ ಕೈಚಳಕ ನೋಡಿ ಸಮುದ್ರ ಸಂಶೋಧನಾ ಕೇಂದ್ರದವರು ಕರೆದು ಕೆಲಸ ಕೊಟ್ಟರು. ನಾನೂ ಅಲ್ಲಿಯೇ, ಶೆಡ್ಡಿನಲ್ಲಿ ಡೈವರ್‌ಗಳ ಸಿಲಿಂಡರಿಗೆ ಗಾಳಿ ತುಂಬುವವಳು. ಕಂಪ್ರೆಸರಿನ ಸದ್ದಿಗೆ ಕಿವಿ ಅರ್ಧ ಹೋಗಿದೆ, ಅದಕ್ಕೇ ನನ್ನ ಬಾಯಿ ದೊಡ್ಡದು. ಅಣ್ಣ ಕೇಂದ್ರದ ದೋಣಿಯ ಮೋಟಾರು ನೋಡಿಕೊಳ್ಳುತ್ತಾನೆ. ಒಟ್ಟಿನಲ್ಲಿ ನಮ್ಮ ಮನೆಯ ಮೂರೂ ಜನಕ್ಕೆ ಸಮುದ್ರವೇ ಅನ್ನ.

ನಮ್ಮ ದಿಬ್ಬಕ್ಕೆ ಎರಡು ಅಂತಸ್ತು. ಬಿಸಿಲು ಬೀಳುವ ಮೇಲಿನ ಭಾಗಕ್ಕೆ ಡೈವರ್‌ಗಳು ಮೇಲ್ಮನೆ ಅನ್ನುತ್ತಾರೆ. ಅಲ್ಲಿಂದ ಬಂಡೆ ಕಡಿದಾಗಿ ಇಳಿದು, ಹನ್ನೆರಡು ಮಾಳಿಗೆಯಷ್ಟು ಆಳದಲ್ಲಿ ಅಂಗಳದ ಹಾಗೆ ಅಗಲವಾಗುತ್ತದೆ. ಅದು ಕೆಳಮನೆ. ಅಲ್ಲಿ ಮಬ್ಬು ನೀಲಿ ಬೆಳಕು, ತಣ್ಣನೆ ನೀರು. ಒಂದೇ ಜಾತಿಯ ಹವಳ ಎರಡು ಕಡೆಯೂ ಇದೆ. ಮೇಲೆ ಗುಪ್ಪೆಗುಪ್ಪೆಯಾಗಿ ಬೆಳೆಯುತ್ತದೆ, ಕೆಳಗೆ ಸಿಕ್ಕಷ್ಟು ಬೆಳಕು ಹಿಡಿಯಲಿಕ್ಕೆ ತಟ್ಟೆಯ ಹಾಗೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ.

ಕೆಲವು ವರ್ಷದ ಕೆಳಗೆ ಒಂದು ಕೆಟ್ಟ ಬೇಸಿಗೆ ಬಂತು. ನೀರು ಕಾದು ಮೇಲ್ಮನೆಯ ಹವಳವೆಲ್ಲ ಬಿಳಚಿಕೊಂಡು, ಆಮೇಲೆ ಪಾಚಿ ಹತ್ತಿ ಸತ್ತವು. ಅತ್ತಿಗೆ ದಿನಾ ಇಳಿದು ನೋಡುತ್ತಿದ್ದಳು, ದಿನಾ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದಳು. ಕೊನೆಗೊಂದು ದಿನ "ಮೇಲ್ಮನೆ ಖಾಲಿ ಆಯ್ತು ಪುಟ್ಟಿ" ಅಂದಳು. ನನ್ನ ತಲೆ ಅರ್ಧ ನರೆತಿದ್ದರೂ ಅವಳಿಗೆ ನಾನು ಇನ್ನೂ ಪುಟ್ಟಿಯೇ. ಕೆಳಮನೆಗೆ ಮಾತ್ರ ಬಿಸಿ ತಟ್ಟಿರಲಿಲ್ಲ.

ಈ ಕೆಳಮನೆಯ ಮೇಲೆ ಬಂದರಿನವರ ಕಣ್ಣು ಬಿತ್ತು. ದೊಡ್ಡ ಹಡಗುಗಳು ಸರದಿಗೆ ಕಾಯಲು ಜಾಗ ಬೇಕಂತೆ, ಲಂಗರು ಕಚ್ಚಿಕೊಳ್ಳಲು ಆ ಅಗಲ ಬಂಡೆ ಹೇಳಿ ಮಾಡಿಸಿದ ಹಾಗಿದೆಯಂತೆ. ಒಂದು ಹಡಗಿನ ಲಂಗರಿನ ಸರಪಳಿ ಆ ಕಡೆಯಿಂದ ಈ ಕಡೆಗೆ ಹೊರಳಿದರೆ ಮುಗಿಯಿತು, ತಟ್ಟೆ ಹವಳವೆಲ್ಲ ಚೂರು. ನಾವು ಬಡಕೊಂಡೆವು. ಬಂದರಿನ ಸಾಹೇಬರು ಕೆಟ್ಟವರಲ್ಲ, ಆದರೆ ಖಡಕ್ಕು. "ಕಾಯ್ದೆಯಲ್ಲಿ ಕಾಪಾಡಬೇಕು ಅಂತಿರೋದು ಮೇಲಿನ ದಿಬ್ಬವನ್ನ. ಕೆಳಗಿನದು ಬೇರೆ. ಎರಡಕ್ಕೂ ಸಂಬಂಧ ಇದೆ, ಕೆಳಗಿನದು ಹೋದರೆ ಮೇಲಿನದೂ ಏಳಲ್ಲ ಅಂತ ತೋರಿಸಿ. ಲಂಗರು ಬೇರೆ ಕಡೆ ಹಾಕಿಸ್ತೀನಿ" ಅಂದರು. ಅದಕ್ಕೊಂದು ಸಭೆಯ ದಿನವನ್ನೂ ಗೊತ್ತುಮಾಡಿದರು.

ಸಂಬಂಧ ತೋರಿಸುವ ಹೊಣೆ ಡಾಕ್ಟರಮ್ಮನ ಮೇಲೆ ಬಿತ್ತು. ಇವರು ಜ್ವರಕ್ಕೆ ಮಾತ್ರೆ ಕೊಡುವ ಡಾಕ್ಟರಲ್ಲ, ಹವಳದ ಡಾಕ್ಟರು. ಚಿಕ್ಕ ಪ್ರಾಯ, ಚುರುಕು, ಕೂದಲು ಬಾಚುವುದನ್ನು ವಾರಕ್ಕೊಮ್ಮೆ ನೆನಪಿಸಿಕೊಳ್ಳುವ ಜನ. ನಮ್ಮ ಶೆಡ್ಡಿಗೇ ಬಂದು ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದರು.

"ಹವಳ ಕೂತ ಜಾಗ ಬಿಟ್ಟು ಏಳಲ್ಲ. ಆದ್ರೆ ಅದರ ಮರಿ ಈಜುತ್ತೆ, ಎಳ್ಳಿಗಿಂತ ಚಿಕ್ಕದು. ನೀರಿನ ಸೆಳೆತದಲ್ಲಿ ತೇಲ್ತಾ ಹೋಗಿ ಎಲ್ಲೋ ಒಂದು ಕಡೆ ಕೂತು ಬೆಳೆಯುತ್ತೆ. ಕೆಳಮನೆಯ ಮರಿಗಳು ಮೇಲ್ಮನೆಗೆ ಹತ್ತಿ ಬರ್ತವಾ ಅನ್ನೋದೇ ಪ್ರಶ್ನೆ. ಎರಡೂ ಕಡೆಯಿಂದ ಉಗುರಿನಷ್ಟು ತುಂಡು ತಂದುಕೊಡಿ, ಡಿಎನ್‌ಎ ನೋಡಿದ್ರೆ ಯಾರು ಯಾರ ಮಕ್ಕಳು ಅಂತ ಗೊತ್ತಾಗುತ್ತೆ."

"ಮೇಲ್ಮನೆಯಲ್ಲಿ ಜೀವ ಇರೋದು ಹಗ್ಗದ ಹತ್ತಿರ ಮಾತ್ರ" ಅಂದಳು ಅತ್ತಿಗೆ. "ಅಂಗೈ ಅಗಲ ಬೆಳೆದಿವೆ. ತೋರಿಸ್ತೀನಿ ಬನ್ನಿ."

ಹಗ್ಗ ಅಂದರೆ ಡೈವರ್‌ಗಳು ಹಿಡಿದುಕೊಂಡು ನಿಲ್ಲುವ ಹಗ್ಗ. ಕೆಳಮನೆಗೆ ಹೋದವರು ನೆಟ್ಟಗೆ ಮೇಲಕ್ಕೆ ಬರುವ ಹಾಗಿಲ್ಲ. ಬಂದರೆ ಸೋಡಾ ಬಾಟಲಿ ತೆರೆದಂತೆ ರಕ್ತದಲ್ಲಿ ಗುಳ್ಳೆ ಏಳುತ್ತದೆ, ಪ್ರಾಣಕ್ಕೇ ಕುತ್ತು. ಅದಕ್ಕೇ ಮೇಲ್ಮನೆಯ ಮಟ್ಟದಲ್ಲಿ ಒಂದು ಹಗ್ಗ ಇಳಿಬಿಟ್ಟಿದೆ. ಅದನ್ನು ಹಿಡಿದು, ಮೈ ಹದಕ್ಕೆ ಬರುವ ತನಕ ಮಾಡಲು ಏನೂ ಕೆಲಸವಿಲ್ಲದೆ ಕಾಯಬೇಕು.

ತುಂಡುಗಳು ಬಂದವು. ಡಾಕ್ಟರಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ನಾವು ಹೊರಗೆ ಹೆರಿಗೆ ಕೋಣೆಯ ಮುಂದೆ ನಿಂತ ನೆಂಟರ ಹಾಗೆ ದಿನಾ ಓಡಾಡಿದೆವು. ಒಂದು ಬೆಳಗ್ಗೆ ಅವರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಶೆಡ್ಡಿಗೆ ಓಡಿಬಂದರು. "ಹೊಂದಿಕೆ ಆಯ್ತು! ಹಗ್ಗದ ಹತ್ತಿರದವು ಕೆಳಮನೆಯವೇ! ಸಂಬಂಧ ಇದೆ!" ಅಯ್ಯಪ್ಪಾ, ಆ ಸಂಭ್ರಮ! ಅಣ್ಣ ಸ್ಪಾನರ್ ಎಸೆದು ಕುಣಿದ. ನಾನು ಕಂಪ್ರೆಸರಿಗೇ ಮುತ್ತು ಕೊಟ್ಟು ತುಟಿ ಸುಟ್ಟುಕೊಂಡೆ. ಅತ್ತಿಗೆ ಮಾತ್ರ "ನಾನು ಹೇಳಿರಲಿಲ್ವಾ?" ಅಂತ ದೊಡ್ಡ ಮನುಷ್ಯರ ಹಾಗೆ ನಕ್ಕಳು. ಬಂದರು ಕಚೇರಿಗೂ ಆಗಲೇ ಸುದ್ದಿ ಮುಟ್ಟಿಸಿ, ಲಂಗರಿನ ಕಥೆ ಮುಗಿಯಿತು ಅಂದುಕೊಂಡೆವು.

ಮಧ್ಯಾಹ್ನಕ್ಕೆ ಡಾಕ್ಟರಮ್ಮ ಮತ್ತೆ ಬಂದರು. ಈ ಸಲ ಎರಡು ಕಾಲಿಗೂ ಚಪ್ಪಲಿ ಇತ್ತು, ಮುಖದಲ್ಲಿ ರಕ್ತ ಇರಲಿಲ್ಲ.

"ಏನೋ ಸರಿಯಿಲ್ಲ" ಅಂದರು. "ಮಕ್ಕಳಾದ್ರೆ ಅರ್ಧ ತಾಯಿ ಕಡೆಯಿಂದ, ಅರ್ಧ ತಂದೆ ಕಡೆಯಿಂದ ಬರಬೇಕು. ಇವು ಅರ್ಧ ಅಲ್ಲ, ಪೂರ್ತಿ ಅವೇ. ಕೆಳಗಿರೋ ಹವಳ ಮತ್ತು ಮೇಲಿರೋ ಹವಳ ಎರಡೂ ಒಂದೇ ಮೈ. ಒಂದೇ ಹವಳ ಎರಡು ಕಡೆ ಹೇಗಿರುತ್ತೆ? ತುಂಡು ಮುರಿದು ಕೆಳಗೆ ಬೀಳಬಹುದು. ಮೇಲಕ್ಕೆ ಹತ್ತುತ್ತಾ?"

ಅತ್ತಿಗೆ ಚಹಾ ಕುಡಿಯುತ್ತಿದ್ದಳು. "ಹತ್ತೋದ್ಯಾಕೆ? ನಾನೇ ತಂದು ಕಟ್ಟಿದ್ನಲ್ಲ" ಅಂದಳು, ಮಾರುಕಟ್ಟೆಯಿಂದ ಸೊಪ್ಪು ತಂದೆ ಅನ್ನುವ ಧಾಟಿಯಲ್ಲಿ.

ನಾನು ಕಂಪ್ರೆಸರ್ ಆರಿಸಿ "ಏನಂದೆ?" ಅಂತ ಕೇಳಿದೆ.

ಆಗಿದ್ದು ಇಷ್ಟು. ಕೆಳಮನೆಯಲ್ಲಿ ಬಲೆ ಬಿಡಿಸುವಾಗ ಮುರಿದು ಬಿದ್ದ ಹವಳದ ತುಂಡು ಕಂಡರೆ ಇವಳಿಗೆ ಬಿಟ್ಟು ಬರಲು ಮನಸ್ಸಾಗುತ್ತಿರಲಿಲ್ಲ. ಚೀಲಕ್ಕೆ ಹಾಕಿಕೊಳ್ಳುವುದು. ಹಗ್ಗ ಹಿಡಿದು ಕಾಯುವಾಗ ಕೈ ಸುಮ್ಮನಿರಬೇಕಲ್ಲ! ಬಲೆಯ ದಾರದಿಂದ ಆ ತುಂಡನ್ನು ಮೇಲ್ಮನೆಯ ಸತ್ತ ಬಂಡೆಗೆ ಕಟ್ಟುವುದು. ಆ ಕೆಟ್ಟ ಬೇಸಿಗೆ ಕಳೆದಾಗಿನಿಂದ ಇದೇ ಕಸುಬು. ಅವು ಬೇರೂರಿ ಬೆಳೆದವು. ಜೀವ ಇರುವ ಹವಳ ತೋರಿಸು ಅಂದಾಗ ಅಲ್ಲಿಗೇ ಕರೆದುಕೊಂಡು ಹೋಗಿದ್ದಳು.

"ಮೊದಲೇ ಹೇಳಬಾರದಿತ್ತಾ?" ಡಾಕ್ಟರಮ್ಮ ತಲೆ ಹಿಡಿದುಕೊಂಡರು. "ನಾನು ಮೇಲ್ಮನೆಯವು ಬೇಕು ಅಂದೆ, ನೀವು ಕೆಳಮನೆಯವನ್ನೇ ತೋರಿಸಿದ್ರಿ!"

"ಮೇಲ್ಮನೆಯವೇ ಅಲ್ವಾ ಅವು?" ಅತ್ತಿಗೆಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಾನು ಮದುವೆಯಾಗಿ ಬಂದ ಮೇಲೆ ಈ ಮನೆಯವಳೇ ತಾನೆ? ಅವೂ ಹಾಗೇ. ತಂದು, ಕಟ್ಟಿ, ಬೇರು ಬಿಟ್ಟ ಮೇಲೆ ಇನ್ನೆಲ್ಲಿಯ ಕೆಳಮನೆ?"

"ಮನೆ ಬದಲಾಗುತ್ತೆ ಅಕ್ಕಾ, ರಕ್ತ ಬದಲಾಗುತ್ತಾ?"

ಅತ್ತಿಗೆಯ ಕೈಯಲ್ಲಿನ ಲೋಟ ಓರೆಯಾಯಿತು. ಆಗ ಅರ್ಥವಾಯಿತು ಅವಳಿಗೆ. ನನಗೋ ಎಲ್ಲಿಲ್ಲದ ಸಿಟ್ಟು. "ಲೋಕದಲ್ಲಿ ಇಷ್ಟು ಬಂಡೆ ಇತ್ತಲ್ಲ, ಅಲ್ಲಿಗೇ ಕಟ್ಟಬೇಕಿತ್ತಾ? ಒಂದು ಮಾತು ಬಾಯಿ ಬಿಡಬಾರದಿತ್ತಾ?" ಅಂತ ಕೂಗಾಡಿದೆ. "ಮುರಿದು ಬಿದ್ದದ್ದನ್ನ ಎತ್ತಿಕೊಂಡೆ ಪುಟ್ಟಿ. ಅಳೋ ಮಗೂನ ಎತ್ತಿಕೊಂಡೋರು ಊರಿಗೆಲ್ಲ ಹೇಳ್ಕೊಂಡು ಬರ್ತಾರಾ?" ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. ಅವಳನ್ನು ಅಳಿಸಿದೆನಲ್ಲ ಅಂತ ನನಗೇ ಅಳು ಬಂತು.

ಡಾಕ್ಟರಮ್ಮ ಸ್ವಲ್ಪ ಹೊತ್ತು ಕಂಪ್ರೆಸರಿನ ಸುತ್ತ ಗಿರಗಿರ ಸುತ್ತಿದರು. ಆಮೇಲೆ ಗಕ್ಕನೆ ನಿಂತರು.

"ಅಕ್ಕಾ, ಕಟ್ಟಿದ್ದನ್ನೆಲ್ಲ ಒಂದೂ ಬಿಡದೆ ಹುಡುಕಿ ಕೊಡ್ತೀರಾ?"

"ಯಾಕೆ, ಕಿತ್ತು ಹಾಕಬೇಕಾ?"

"ಅಯ್ಯೋ ಬೇಡ! ಅವುಗಳ ಗುರುತು ಸಿಕ್ಕರೆ ಲೆಕ್ಕದಿಂದ ಬಿಡಬಹುದು. ಹಗ್ಗದಿಂದ ದೂರ ಮರಿ ಹವಳ ಏನಾದ್ರೂ ಕೂತಿದ್ರೆ ಅವನ್ನ ತರೋಣ. ಗುಂಡಿಯಷ್ಟೇ ಇರೋವು, ಯಾರೂ ಕಟ್ಟೋಕಾಗದೇ ಇರೋವು. ಅವುಗಳ ಅಪ್ಪ ಅಮ್ಮ ಇಬ್ಬರೂ ಕೆಳಮನೆಯಲ್ಲಿದ್ದು, ಅದರಲ್ಲಿ ಯಾರೂ ನೀವು ಕಟ್ಟಿದವರಲ್ಲ ಅಂದ್ರೆ, ಆ ಮರಿಗಳು ತಾವಾಗಿಯೇ ಹತ್ತಿ ಬಂದಿವೆ ಅಂತ ಆಯ್ತಲ್ಲ!"

ಮುಳುಗುತ್ತಿದ್ದವರಿಗೆ ದೋಣಿ ಸಿಕ್ಕಿದ ಹಾಗಾಯಿತು. ಸಭೆಗೆ ಹೆಚ್ಚು ದಿನ ಇರಲಿಲ್ಲ. ಅವತ್ತಿನಿಂದ ನನ್ನ ಶೆಡ್ಡಿಗೆ ಪುರುಸೊತ್ತಿಲ್ಲ. ಅವರು ಖಾಲಿ ಸಿಲಿಂಡರ್ ತಂದು ಇಡೋದು, ನಾನು ತುಂಬಿಸಿ ಕೊಡೋದು. ಕಂಪ್ರೆಸರ್ ಕಾದು ಮುನಿಸಿಕೊಂಡರೆ ಒದ್ದೆ ಬಟ್ಟೆ ಸುತ್ತಿ "ಇನ್ನೊಂದು ನಾಲ್ಕು ದಿನ ತಡಕೋ, ನನ್ನಪ್ಪಾ" ಅಂತ ಮುದ್ದು ಮಾಡೋದು. ಕೇಳದಿದ್ದರೆ ಬೈಯೋದು. ಬೈಗುಳಕ್ಕೇ ಹೆಚ್ಚು ಮರ್ಯಾದೆ ಕೊಡುತ್ತಿತ್ತು ಅದು.

ಅತ್ತಿಗೆ ಹಗ್ಗದ ಸುತ್ತ ಒಂದೊಂದೇ ಹವಳದ ಬುಡಕ್ಕೆ ಬೆರಳು ತೂರಿಸಿ ತಡವಿದಳು. ಒಳಗೆ ದಾರದ ಗಂಟು ಸಿಕ್ಕರೆ ತನ್ನದು. ಗಂಟು ಸಿಕ್ಕಿದ್ದನ್ನೆಲ್ಲ ಗುರುತುಮಾಡಿ ತುಂಡು ತೆಗೆದರು. ಆಮೇಲೆ ಡಾಕ್ಟರಮ್ಮನೂ ಅವಳೂ ಸೇರಿ ಹಗ್ಗದಿಂದ ಆಚೆ, ಬಂಡೆಗಳ ಸಂದಿ, ಅಡಿಭಾಗ, ನೆರಳು ಎಲ್ಲ ಜಾಲಾಡಿದರು. ಮೊದಲನೇ ದಿನ ಏನೂ ಇಲ್ಲ. ಮಾರನೇ ದಿನವೂ ಇಲ್ಲ. ಡಾಕ್ಟರಮ್ಮ ಉಗುರು ಕಚ್ಚಲು ಶುರುಮಾಡಿದರು. ಅದರ ಮಾರನೇ ದಿನ ದೋಣಿ ಬರುವ ಮೊದಲೇ ಅಣ್ಣನ ಕೂಗು ಕೇಳಿತು. "ಸಿಕ್ಕಿವೆ! ಸಿಕ್ಕಿವೆ! ಅಂಗಿ ಗುಂಡಿಯಷ್ಟು!" ಒಂದು ಬಂಡೆಯ ತಳದಲ್ಲಿ ಕಂಡಿದ್ದೇ ತಡ, ಕಣ್ಣಿಗೆ ರೂಢಿಯಾಗಿ, ಅಲ್ಲೊಂದು ಇಲ್ಲೊಂದು ಅಂತ ಹತ್ತಾರು ಕಡೆ ಸಿಕ್ಕವಂತೆ. ಪಾಚಿ ಹತ್ತಿದ ಸತ್ತ ದಿಬ್ಬದ ಮೇಲೆ ಜೀವ ಇರುವ ಮರಿಗಳು! ಅತ್ತಿಗೆ ನೀರಿನಿಂದ ಎದ್ದವಳೇ ನನ್ನ ಕೆನ್ನೆ ಗಿಲ್ಲಿದಳು, ನೋಯುವ ಹಾಗೆ.

ಆದರೆ ಅವು ಯಾರ ಮಕ್ಕಳು ಅನ್ನೋದು ಗೊತ್ತಾಗಬೇಕಿತ್ತಲ್ಲ. ಸಭೆಯ ದಿನ ಬಂದರೂ ಉತ್ತರ ಬಂದಿರಲಿಲ್ಲ. ಬಂದರು ಕಚೇರಿಯ ದೊಡ್ಡ ಕೋಣೆಯಲ್ಲಿ ಫ್ಯಾನಿನ ಕೆಳಗೆ ನಾವು ಮೂವರು ಕೂತಿದ್ದೆವು. ಗೋಡೆಗೆ ನಕ್ಷೆ ಹಚ್ಚಿತ್ತು. ಕೆಳಮನೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಲಂಗರಿನ ಚಿತ್ರ ಬರೆದಿತ್ತು, ಅದನ್ನು ನೋಡಿದಷ್ಟೂ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಡಾಕ್ಟರಮ್ಮನ ಕುರ್ಚಿ ಖಾಲಿ.

ಸಾಹೇಬರು ಗಡಿಯಾರ ನೋಡಿದರು. "ಹಗ್ಗದ ಹತ್ತಿರದ ಹವಳ ಕೆಳಗಿನದೇ ಅಂತ ಮೊದಲು ತಿಳಿಸಿದ್ರಿ. ಅದೇ ಸಾಕ್ಷಿ ಅಂತ ಇಟ್ಟುಕೊಳ್ಳೋಣವಾ?"

ಒಂದು "ಹೂಂ" ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅತ್ತಿಗೆ ಎದ್ದು ನಿಂತಳು. "ಬೇಡ ಸರ್. ಅವು ತಾವಾಗಿ ಬಂದಿಲ್ಲ, ನಾನೇ ತಂದು ಕಟ್ಟಿದ್ದು." ಅಣ್ಣ ಕಣ್ಣು ಮುಚ್ಚಿಕೊಂಡ.

"ಹಾಗಾದ್ರೆ ಇದು ನಿಮ್ಮ ಕೈಕೆಲಸ!" ಸಾಹೇಬರಿಗೆ ನಗು ಬಂತು, ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅತ್ತಿಗೆ ನಗಲಿಲ್ಲ, ಕೂರಲೂ ಇಲ್ಲ. "ಮರಿಗಳಿವೆ ಸರ್. ಡಾಕ್ಟರಮ್ಮ ಬರೋ ತನಕ ತಡೀರಿ" ಅಂದಳು. "ಎಷ್ಟು ಹೊತ್ತು ತಡೆಯೋದಮ್ಮಾ?" ಅಂತ ಸಾಹೇಬರು ಪೆನ್ನು ತೆಗೆದರು.

ಬಾಗಿಲು ದಢಾರನೆ ತೆರೆಯಿತು. ಡಾಕ್ಟರಮ್ಮ! ತಲೆ ಕೆದರಿ, ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಅವಚಿಕೊಂಡು, ಏದುಸಿರು ಬಿಡುತ್ತಾ ಬಂದರು. "ಬಂತು" ಅಂದರು. ನೀರು ಕುಡಿದರು. "ಸರ್, ಮರಿಗಳಲ್ಲಿ ಮುಕ್ಕಾಲು ಪಾಲು ಕೆಳಮನೆಯವರ ಮಕ್ಕಳು. ತಂದೆ ತಾಯಿ ಇಬ್ಬರೂ ಈಗಲೂ ಕೆಳಗೇ ಇದ್ದಾರೆ. ಇವರು ಕಟ್ಟಿದ ಹವಳಗಳಿಗೂ ಈ ಮರಿಗಳಿಗೂ ಸಂಬಂಧ ಇಲ್ಲ, ಅದನ್ನೆಲ್ಲ ಬಿಟ್ಟೇ ಹೇಳ್ತಿದ್ದೀನಿ. ಯಾರ ಕೈಯೂ ಇಲ್ಲದೆ, ತಾವೇ ತೇಲಿಕೊಂಡು ಮೇಲೆ ಬಂದಿವೆ. ಕೆಳಮನೆ ಉಳಿದ್ರೆ ಮಾತ್ರ ಮೇಲ್ಮನೆ ತುಂಬುತ್ತೆ."

ಸಾಹೇಬರು ಒಂದಲ್ಲ, ನಾಲ್ಕು ಪ್ರಶ್ನೆ ಕೇಳಿದರು. ಡಾಕ್ಟರಮ್ಮ ನಾಲ್ಕಕ್ಕೂ ಉತ್ತರ ಕೊಟ್ಟರು. ಕೊನೆಗೆ ಸಾಹೇಬರು ಎದ್ದು ಹೋಗಿ, ರಬ್ಬರು ತೆಗೆದುಕೊಂಡು, ನಕ್ಷೆಯ ಮೇಲಿನ ಆ ಕೆಂಪು ಲಂಗರನ್ನು ತಾವೇ ಉಜ್ಜಿ ಅಳಿಸಿದರು. "ಕೆಳಗಿನದನ್ನೂ ಸೇರಿಸಿ ಗೆರೆ ಎಳೆಯಿರಿ" ಅಂದರು. ನಾನು ಅಷ್ಟು ಜನರ ಮುಂದೆ ಸೀಟಿ ಹೊಡೆದುಬಿಟ್ಟೆ. ಅಣ್ಣ ನನ್ನ ಸೆರಗು ಎಳೆದು ಕೂರಿಸಿದ.

"ಇನ್ನೂ ಇದೆ" ಅಂದರು ಡಾಕ್ಟರಮ್ಮ. ಈ ಸಲ ಸಾಹೇಬರ ಕಡೆ ನೋಡಲಿಲ್ಲ, ಅತ್ತಿಗೆಯ ಕಡೆ ತಿರುಗಿದರು. "ಅಕ್ಕಾ, ಮಿಕ್ಕ ಮರಿಗಳಲ್ಲಿ ಮೂರು ಇವೆ. ಅವು ಅರ್ಧ ನೀವು ಕಟ್ಟಿದ ಹವಳದ್ದು."

"ಅಂದ್ರೆ... ನಾನು ಕಟ್ಟಿದ್ದಕ್ಕೆ ಮಕ್ಕಳಾಗಿವೆಯಾ?"

"ಆಗಿವೆ. ಇನ್ನರ್ಧ ಯಾರದು ಅಂತ ನೋಡಿದೆ. ಕೆಳಮನೆಯವರದಲ್ಲ. ಆ ಬೇಸಿಗೆಗೆ ಎಷ್ಟೋ ಮುಂಚೆ ನಮ್ಮ ಕೇಂದ್ರದವರು ಮೇಲ್ಮನೆಯಿಂದ ತಂದು ಸೀಸೆಯಲ್ಲಿಟ್ಟಿದ್ದ ತುಂಡುಗಳಿವೆಯಲ್ಲ, ಆ ವಂಶದ್ದು. ಹಳೇ ಮೇಲ್ಮನೆಯವರದು."

ಅತ್ತಿಗೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಅವರೆಲ್ಲ ಸತ್ತುಹೋದ್ರಲ್ಲ ಡಾಕ್ಟರಮ್ಮ."

"ಸತ್ತವರಿಗೆ ಮಕ್ಕಳಾಗಲ್ಲ ಅಕ್ಕಾ. ಈ ಮರಿಗಳು ಹೋದ ವರ್ಷ ಹುಟ್ಟಿದವು."

ಅತ್ತಿಗೆಯ ಮುಖ ಅರಳುತ್ತಾ ಹೋಯಿತು, ಅಷ್ಟು ವರ್ಷ ಅವಳ ಜೊತೆಗಿದ್ದು ಅಂಥ ಮುಖ ನಾನು ನೋಡಿಯೇ ಇರಲಿಲ್ಲ.

"ಅಯ್ಯೋ ನನ್ನಪ್ಪಾ! ಹಾಗಾದ್ರೆ ನನಗೆ ಬೀಗರಿದ್ದಾರೆ! ಸಂಬಂಧ ಬೆಳೆಸಿ ಮೊಮ್ಮಕ್ಕಳಾಗೋ ತನಕ ಬೀಗರ ಮನೆ ಎಲ್ಲಿ ಅಂತಾನೇ ಗೊತ್ತಿಲ್ವಲ್ಲ ನನಗೆ! ರೀ, ಏಳ್ರೀ. ದೋಣಿ ತೆಗೀರಿ. ಪುಟ್ಟಿ, ಗಾಳಿ ತುಂಬು!"

ಸಾಹೇಬರಿಗೆ ನಮಸ್ಕಾರ ಹೇಳಿದೆವೋ ಇಲ್ಲವೋ ನೆನಪಿಲ್ಲ.

ಹುಡುಕಿದ್ದು ಒಂದು ದಿನ ಎರಡು ದಿನ ಅಲ್ಲ. ಒಳ್ಳೆಯ ನೀರಿನ ಕಡೆಯೆಲ್ಲ ಹುಡುಕಿಯಾಯಿತು, ಎಲ್ಲೂ ಇಲ್ಲ. ಕೊನೆಗೆ ಉಳಿದಿದ್ದು ಒಂದೇ ಜಾಗ. ಊರ ಹಿಂದಿನ ಹಳ್ಳ ಸಮುದ್ರಕ್ಕೆ ಸೇರುವ ಕಡೆ, ನೀರು ಯಾವಾಗಲೂ ಚಹಾ ಬಣ್ಣ. ಕೈ ಚಾಚಿದರೆ ಬೆರಳು ಕಾಣಲ್ಲ. ಅಲ್ಲಿ ಹವಳ ಇದ್ದೀತು ಅಂತ ಯಾರೂ ಕನಸಿನಲ್ಲೂ ಅಂದುಕೊಂಡಿರಲಿಲ್ಲ, ನಾವೆಲ್ಲ ಮೂಗು ಮುರಿಯುತ್ತಿದ್ದ ಜಾಗ ಅದು. "ಆ ಕೊಳಕಿಗೆ ಇಳೀಬೇಡ" ಅಂದೆ. ಕೇಳಬೇಕಲ್ಲ! ಡಾಕ್ಟರಮ್ಮನನ್ನು ಜೊತೆಗೆ ಕರೆದುಕೊಂಡು ಇಳಿದೇಬಿಟ್ಟಳು. ಅಣ್ಣ ಮೋಟಾರು ನಿಲ್ಲಿಸಿದ. ಗುಳ್ಳೆಗಳು ಏಳುವ ಕಡೆಗೇ ನೋಡುತ್ತಾ ಕೂತೆವು.

ಮೊದಲು ಡಾಕ್ಟರಮ್ಮನ ತಲೆ ಎದ್ದಿತು. ದೋಣಿಯ ಅಂಚು ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಅತ್ತಿಗೆ ಎದ್ದಳು. ಬಾಯಿಯ ಕೊಳವೆ ಕಿತ್ತು ಬಿಸಾಕಿದಳು.

"ಕಲಕು ನೀರು ಕಣೇ, ಬಿಸಿಲನ್ನ ತಡೆದುಬಿಟ್ಟಿದೆ! ಅಲ್ಲೇ ಅವಿತುಕೊಂಡಿದ್ದಾರೆ ಬೀಗರು! ಒಬ್ಬರಲ್ಲ ಪುಟ್ಟಿ, ಇಡೀ ಸಂಸಾರ! ಇಷ್ಟಿಷ್ಟು ದೊಡ್ಡವು, ಹಳೇ ಕಾಲದವು, ನಾನು ಹೊಸದಾಗಿ ಇಳಿಯೋಕೆ ಕಲಿತಾಗ ನೋಡಿದ ಹಾಗೇ ಇದ್ದಾವೆ!"

ನನಗೆ ತಡೆಯಲಾಗಲಿಲ್ಲ. ಅವಳ ಮುಖದಿಂದ ಡೈವಿಂಗ್ ಕನ್ನಡಕ ಕಿತ್ತುಕೊಂಡು, ಉಟ್ಟ ಬಟ್ಟೆಯಲ್ಲೇ, ಉಸಿರು ಕಟ್ಟಿ ಮುಳುಗಿದೆ. ಮೊದಲು ಬರೀ ಕಂದು. ಅತ್ತಿಗೆಯ ಕೈ ನನ್ನ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆಯಿತು. ಮೂಗಿನ ತುದಿಗೆ ಬಂದಾಗ ಕಂಡಿತು. ಗುಪ್ಪೆಗುಪ್ಪೆ, ಒಂದರ ಪಕ್ಕ ಒಂದು, ಮುಂದಕ್ಕೆ ಹೋದಷ್ಟೂ, ಎಲ್ಲವೂ ಬದುಕಿದ್ದವು.